ಸೋದರತ್ತೆಯ ಕಾಯಿಲೆಯನ್ನೂ ಹೇಳಿ
(ಅಂಡಾಶಯದ ಕ್ಯಾನ್ಸರ್ ಮತ್ತು ಜೀನ್ ಪರೀಕ್ಷೆ ಕುರಿತ ಬಾನುಲಿ ಭಾಷಣ)



ಸೊಲ್ಲಾಪುರದಿಂದ ಅಕ್ಕಲಕೋಟೆಯ ಕಡೆಗೆ ಹೋಗಿ ಬರುವವರಿಗೆ ಕುಂಭಾರಿ ಗೊತ್ತಿರುವ ಊರು. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಹತ್ತು ಸಾವಿರ ಮನೆಗಳ ಗೋದೂತಾಯಿ ಪರುಳೇಕರ್ ವಸಾಹತು ಎದ್ದದ್ದು ಇಲ್ಲಿ. ಆಮೇಲೆ ರೇನಗರ ಎಂಬ ಇನ್ನೊಂದು ವಸಾಹತಿನ ಮನೆಗಳು ಬಂದವು. ಅಶ್ವಿನಿ ಗ್ರಾಮೀಣ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ ಇರುವುದೂ ಇಲ್ಲೇ. ಈ ಸೀಮೆಯ ಯಾವ ದೊಡ್ಡ ಆಸ್ಪತ್ರೆಗೆ ಹೋದರೂ ಚೀಟಿ ಮಾಡಿಸುವ ಸಾಲಿನಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಟ್ಟಿಗೆ ಕಿವಿಗೆ ಬೀಳುತ್ತವೆ. ಭಾಷೆ ಯಾವುದಾದರೂ ಇರಲಿ, ನಲವತ್ತೈದು ಐವತ್ತು ದಾಟಿದ ಎಷ್ಟೋ ಹೆಣ್ಣುಮಕ್ಕಳ ಬಾಯಲ್ಲಿ ಬರುವ ಮಾತು ಒಂದೇ: “ಹೊಟ್ಟಿ ಉಬ್ಬೇದ್ರಿ, ಎರಡ ತುತ್ತು ಉಂಡ್ರ ತುಂಬಿದಂಗ ಆಗ್ತದ, ಮತ್ತಮತ್ತ ಒಂದಕ್ಕ ಹೋಗಬೇಕು ಅನಸ್ತದ.”

ಬಹಳಷ್ಟು ಸಲ ಅದು ನಿಜಕ್ಕೂ ವಾಯುವೇ ಆಗಿರುತ್ತದೆ. ಆದರೆ ಹೀಗೆ ದಿನಾ ದಿನಾ ಆಗುತ್ತ ಎರಡು ಮೂರು ವಾರ ದಾಟಿತೆಂದರೆ ಅಂಡಾಶಯದ ಕಡೆ ಒಮ್ಮೆ ನೋಡಲೇಬೇಕು. ಗ್ಯಾಸಿನ ಗುಳಿಗೆ, ಪಿತ್ತದ ಔಷಧ ಎಂದು ತಿಂಗಳುಗಟ್ಟಲೆ ಕಳೆದು, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಸೋನೋಗ್ರಫಿಗೆ ಬರುವವರೇ ಹೆಚ್ಚು. ಅಷ್ಟು ಹೊತ್ತಿಗೆ ರೋಗ ಮೂರನೆಯ ಹಂತದಲ್ಲೋ ನಾಲ್ಕನೆಯ ಹಂತದಲ್ಲೋ ಇರುತ್ತದೆ. ನಮ್ಮ ದೇಶದ ಹೆಣ್ಣುಮಕ್ಕಳಲ್ಲಿ ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರು ಬಿಟ್ಟರೆ ಮೂರನೆಯ ಸ್ಥಾನ ಅಂಡಾಶಯದ ಕ್ಯಾನ್ಸರಿನದು. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷಕ್ಕೆ 47 ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳು, ಸುಮಾರು 33 ಸಾವಿರ ಸಾವುಗಳು.

ನಾನು ಪೆಥಾಲಜಿ ವೈದ್ಯೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನು ಕೊಯ್ದು ನೋಡಿ, ಅದು ಯಾವ ಜಾತಿಯದು ಎಂದು ಬರೆದುಕೊಡುವುದು ನನ್ನ ಕೆಲಸ. ಆ ಮೇಜಿನ ಮೇಲಿಂದಲೇ ಇವತ್ತಿನ ಮಾತು ಶುರು ಮಾಡುತ್ತೇನೆ.

ಮೂರು ಗಡ್ಡೆಗಳು ಬಂದಿವೆ ಎಂದುಕೊಳ್ಳಿ. ಒಂದು ಹದಿನಾರರ ಹುಡುಗಿಯದು, ಒಂದು ನಲವತ್ತೆರಡರ ಗೃಹಿಣಿಯದು, ಮತ್ತೊಂದು ಐವತ್ತೆಂಟರ ಅಜ್ಜಿಯದು. ಮೂರೂ ಅಂಡಾಶಯದಿಂದ ತೆಗೆದವು, ಮೂರೂ ಕ್ಯಾನ್ಸರೇ. ಮನೆಯವರು ಮೂವರಿಗೂ ಒಂದೇ ಗತಿ ಎಂದುಕೊಂಡು ಬಾಗಿಲಲ್ಲಿ ಕೂತಿರುತ್ತಾರೆ. ಆದರೆ ಹುಡುಗಿಯದು ಅಂಡಾಣುವನ್ನು ಹುಟ್ಟಿಸುವ ಮೂಲಕೋಶಗಳ ಗಡ್ಡೆಯಾಗಿದ್ದರೆ, ಆ ಕಡೆಯ ಅಂಡಾಶಯ ಒಂದನ್ನೇ ತೆಗೆದು, ಕೀಮೋ ಕೊಟ್ಟರೆ ಬಹುಪಾಲು ಹುಡುಗಿಯರು ಪೂರ್ತಿ ಗುಣವಾಗುತ್ತಾರೆ. ಮುಂದೆ ಮದುವೆಯಾಗಿ ಮಕ್ಕಳನ್ನೂ ಹೆರುತ್ತಾರೆ. ನಲವತ್ತೆರಡರ ಹೆಂಗಸಿನದು ಲೋ ಗ್ರೇಡ್ ಸೀರಸ್ ಎಂಬ ನಿಧಾನದ ಬಗೆಯಾಗಿದ್ದರೆ, ಅದು ಕೀಮೋಗೆ ಅಷ್ಟಾಗಿ ಬಗ್ಗುವುದಿಲ್ಲ. ಹಾರ್ಮೋನು ತಡೆಯುವ ಗುಳಿಗೆಗಳು ಅದರ ಮೇಲೆ ಕೆಲಸ ಮಾಡುತ್ತವೆ. ಅಜ್ಜಿಯದು ಹೈ ಗ್ರೇಡ್ ಸೀರಸ್ ಆಗಿದ್ದರೆ ಅದು ವೇಗದ, ಹೊಟ್ಟೆಯ ತುಂಬ ಹರಡುವ ರೋಗ. ಮೊದಮೊದಲು ಕೀಮೋಗೆ ಚೆನ್ನಾಗಿ ಕರಗುತ್ತದೆ, ಆದರೆ ಮತ್ತೆ ಮರಳಿ ಬರುವ ಸ್ವಭಾವದ್ದು. ಅಂಡಾಶಯದ ಹೊದಿಕೆ ಕೋಶಗಳ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಏಳು ಈ ಬಗೆಯವೇ. ಜೀವ ತೆಗೆಯುವುದರಲ್ಲೂ ಇದೇ ಮುಂದು.

ಉಳಿದವು ಎಂಡೊಮೆಟ್ರಿಯಾಯ್ಡ್, ಕ್ಲಿಯರ್ ಸೆಲ್, ಮ್ಯೂಸಿನಸ್. ಇವುಗಳಲ್ಲಿ ಮೊದಲ ಎರಡು ಬಹಳ ಸಲ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ತೊಂದರೆ, ಇದ್ದವರಲ್ಲಿ ಹುಟ್ಟುತ್ತವೆ. ಮ್ಯೂಸಿನಸ್ ಎಂದು ಕಂಡದ್ದು ಎಷ್ಟೋ ಸಲ ಅಂಡಾಶಯದ್ದೇ ಆಗಿರುವುದಿಲ್ಲ. ಕರುಳಿನಲ್ಲೋ ಜಠರದಲ್ಲೋ ಹುಟ್ಟಿ ಇಲ್ಲಿಗೆ ಬಂದಿರುತ್ತದೆ. ಬೀಡಿ ಕಟ್ಟಿದ್ದರಿಂದ ಇದು ಬಂತೇ ಎಂದು ಬಹಳ ಮಂದಿ ಕೇಳುತ್ತಾರೆ. ಕಟ್ಟುವುದಿರಲಿ, ಧೂಮಪಾನ ಮಾಡುವವರಲ್ಲಿಯೂ ಹೆಚ್ಚಾಗಿ ಕಾಣುವುದು ಈ ಮ್ಯೂಸಿನಸ್ ಬಗೆ ಮಾತ್ರ. ಹೈ ಗ್ರೇಡ್ ಸೀರಸ್ ಬಂದ ತಾಯಂದಿರು ತಮ್ಮ ದುಡಿಮೆಗೆ ದೋಷ ಹಚ್ಚಿಕೊಂಡು ಕೊರಗಬಾರದು.

ಇಷ್ಟೆಲ್ಲ ಬಗೆಗಳಿರುವುದು ಹಳೆಯ ವೈದ್ಯರಿಗೂ ಗೊತ್ತಿತ್ತು. ಆದರೆ ಸೂಕ್ಷ್ಮದರ್ಶಕದಡಿಯ ಆಕಾರ ನೋಡಿ ಹೇಳುತ್ತಿದ್ದರು. ಒಬ್ಬರು ಒಂದು ಬಗೆ ಎಂದರೆ ಇನ್ನೊಬ್ಬರು ಮತ್ತೊಂದು ಎನ್ನುತ್ತಿದ್ದರು. ಕಳೆದ ಇಪ್ಪತ್ತು ವರ್ಷಗಳಲ್ಲಿ ಜೀನುಗಳ ಅಧ್ಯಯನ ಆ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಿದೆ. 2009ರಲ್ಲಿ ಕೆನಡಾದ ವಿಜ್ಞಾನಿಗಳು ಅಂಡಾಶಯದ ಗ್ರ್ಯಾನುಲೋಸಾ ಎಂಬ ಕೋಶಗಳ ಗಡ್ಡೆಯನ್ನು ಪರೀಕ್ಷಿಸಿದಾಗ, ಬೆಳೆದ ಹೆಂಗಸರಲ್ಲಿ ಬರುವ ಆ ಬಗೆಯ ಹೆಚ್ಚುಕಡಿಮೆ ಎಲ್ಲ ಗಡ್ಡೆಗಳಲ್ಲೂ ಫಾಕ್ಸ್‌ಎಲ್2 ಎಂಬ ಜೀನಿನಲ್ಲಿ ಒಂದೇ ಜಾಗದ ಒಂದೇ ಅಕ್ಷರ ಬದಲಾಗಿರುವುದು ಕಂಡಿತು. ಮರುವರ್ಷ ಕ್ಲಿಯರ್ ಸೆಲ್ ಬಗೆಯಲ್ಲಿ ಏರಿಡ್1ಎ ಜೀನಿನ ದೋಷ ಸಿಕ್ಕಿತು. ಲೋ ಗ್ರೇಡ್ ಸೀರಸ್‌ನಲ್ಲಿ ಕೆರಾಸ್, ಬಿರಾಫ್ ಎಂಬ ಜೀನುಗಳು ಕೆಟ್ಟಿರುತ್ತವೆ. 2011ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ ಹೈ ಗ್ರೇಡ್ ಸೀರಸ್‌ನ 489 ಗಡ್ಡೆಗಳ ಅಧ್ಯಯನ ಪ್ರಕಟಿಸಿತು. ಅವುಗಳಲ್ಲಿ ನೂರಕ್ಕೆ 96ರಲ್ಲಿ ಪಿ53 ಎಂಬ ಕಾವಲು ಜೀನು ಕೆಟ್ಟಿತ್ತು. ಸುಮಾರು ಅರ್ಧದಷ್ಟರಲ್ಲಿ ಡಿಎನ್‌ಎ ಮುರಿದರೆ ಸರಿಪಡಿಸುವ ವ್ಯವಸ್ಥೆಯೇ ಹಾಳಾಗಿತ್ತು. ನಾನು ಮುಂದೆ ಹೇಳುವ ಚಿಕಿತ್ಸೆಯೆಲ್ಲ ನಿಂತಿರುವುದು ಈ ಎರಡನೆಯ ಮಾತಿನ ಮೇಲೆ.

ಅದೇ ಅಧ್ಯಯನ, ಯಾವ ಜೀನು ಹೆಚ್ಚು ಚುರುಕಾಗಿದೆ ಯಾವುದು ಮಂಕಾಗಿದೆ ಎಂಬುದರ ಮೇಲೆ ಹೈ ಗ್ರೇಡ್ ಸೀರಸ್ ಅನ್ನೇ ಮತ್ತೆ ನಾಲ್ಕು ಒಳಬಗೆಗಳಾಗಿ ವಿಂಗಡಿಸಿತ್ತು. ಆದರೆ ಆ ನಾಲ್ಕು ಒಳಬಗೆಗಳನ್ನು ನೋಡಿ ಔಷಧ ಬದಲಿಸುವ ಪದ್ಧತಿ ಇಂದಿಗೂ ನೆಲೆಗೊಂಡಿಲ್ಲ. ವಿಂಗಡಣೆ ಎಷ್ಟೇ ಚೆಂದವಾಗಿರಲಿ, ರೋಗಿಯ ಕೈಗೆ ಬೇರೆ ಗುಳಿಗೆ ಕೊಡದಿದ್ದರೆ ಅದಕ್ಕೆ ಬಡವರ ದುಡ್ಡು ಸುರಿಸಬಾರದು ಎಂದು ನಾನು ನಂಬುತ್ತೇನೆ. ಯಾವ ಪರೀಕ್ಷೆ ಚಿಕಿತ್ಸೆಯನ್ನು ಬದಲಿಸುತ್ತದೆಯೋ ಅದು ಮೊದಲು ಆಗಲಿ.

ಕೆಲವು ಪರೀಕ್ಷೆಗಳು ದುಬಾರಿಯೂ ಅಲ್ಲ. ನಮ್ಮಲ್ಲಿ ಗಡ್ಡೆಯ ಚೂರನ್ನು ಫಾರ್ಮಾಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಹೆಬ್ಬೆರಳಿನಷ್ಟು ದೊಡ್ಡ ಬ್ಲಾಕ್ ಮಾಡುತ್ತೇವೆ. ಅದರಿಂದ ಈರುಳ್ಳಿ ಪೊರೆಗಿಂತ ತೆಳ್ಳಗಿನ ಪದರ ಕೊಯ್ದು ಗಾಜಿನ ಮೇಲೆ ಹಾಸಿ ಬಣ್ಣ ಹಾಕುತ್ತೇವೆ. ಮಾಮೂಲಿ ಬಣ್ಣದಲ್ಲಿ ಎಲ್ಲ ಗುಲಾಬಿ, ನೇರಳೆ. ಆಮೇಲೆ ಪಿ53 ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ಇನ್ನೊಂದು ಬಣ್ಣ. ಜೀನು ಸರಿಯಿದ್ದ ಕಡೆ ಕೋಶಕೇಂದ್ರಗಳು ಕೆಲವು ತಿಳಿ ಕಂದು, ಕೆಲವು ಗಾಢ, ಕೆಲವು ಬರಿದು, ಹೀಗೆ ಕಲಸಿಕೊಂಡಿರುತ್ತವೆ. ಜೀನು ಕೆಟ್ಟಿದ್ದರೆ ಗಡ್ಡೆಯ ಕೋಶಗಳೆಲ್ಲ ಒಂದೇ ಸಮ ಕಡುಕಂದಾಗುತ್ತವೆ. ಇಲ್ಲವೆ ಪಕ್ಕದ ಆರೋಗ್ಯವಂತ ಕೋಶಗಳಲ್ಲಿ ಬಣ್ಣ ಹತ್ತಿದ್ದರೂ ಗಡ್ಡೆಯಲ್ಲಿ ಒಂದು ಚುಕ್ಕೆಯೂ ಕಾಣುವುದಿಲ್ಲ. ಆ ಪೂರ್ತಿ ಬರಿದೂ ಕೆಟ್ಟದ್ದೇ. ಹೊಸದಾಗಿ ಕಲಿಯುವವರು ಇದನ್ನೇ ತಪ್ಪಾಗಿ ಓದಿ “ಏನೂ ಇಲ್ಲ” ಎಂದು ಬರೆಯುವ ಅಪಾಯವಿದೆ. ಹಾಗೆಯೇ ಎಂಡೊಮೆಟ್ರಿಯಾಯ್ಡ್ ಬಗೆಯಲ್ಲಿ ನಾಲ್ಕು ಪ್ರೋಟೀನುಗಳಿಗೆ ಬಣ್ಣ ಹಾಕಿದರೆ, ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ದೋಷದ ಸುಳಿವು ಸಿಗುತ್ತದೆ. ಆ ಮನೆತನಗಳಲ್ಲಿ ದೊಡ್ಡ ಕರುಳಿನ, ಗರ್ಭಕೋಶದ ಕ್ಯಾನ್ಸರುಗಳೂ ಬರುತ್ತವೆ.

ಈಗ ಮುಖ್ಯವಾದ ಜೀನುಗಳಿಗೆ ಬರೋಣ. ಬಿಆರ್‌ಸಿಎ1, ಬಿಆರ್‌ಸಿಎ2 ಎಂದು ಅವುಗಳ ಹೆಸರು. ಆಡುಮಾತಿನಲ್ಲಿ ಬ್ರಾಕಾ. 1990ರಲ್ಲಿ ಅಮೆರಿಕದ ಮೇರಿ ಕ್ಲೇರ್ ಕಿಂಗ್ ಎಂಬ ವಿಜ್ಞಾನಿ, ಮನೆಮನೆಯ ವಂಶಾವಳಿಗಳನ್ನು ಬರೆದು, ಯಾವ ಮನೆಯಲ್ಲಿ ಯಾರಿಗೆ ಸ್ತನದ ಕ್ಯಾನ್ಸರ್ ಬಂತು, ಯಾವ ವಯಸ್ಸಿಗೆ ಬಂತು ಎಂದು ಗುರುತಿಸುತ್ತ ಹೋಗಿ, ದೋಷ ಇರುವುದು ಹದಿನೇಳನೆಯ ಕ್ರೋಮೋಸೋಮಿನಲ್ಲಿ ಎಂದು ತೋರಿಸಿದರು. 1994ರಲ್ಲಿ ಆ ಜೀನು ಕೈಗೆ ಸಿಕ್ಕಿತು. 1995ರಲ್ಲಿ ಹದಿಮೂರನೆಯ ಕ್ರೋಮೋಸೋಮಿನ ಎರಡನೆಯದೂ ಸಿಕ್ಕಿತು. ಸಾಮಾನ್ಯ ಹೆಂಗಸಿಗೆ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ ಒಂದರ ಆಸುಪಾಸು. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ಬಿಆರ್‌ಸಿಎ1 ದೋಷವಿದ್ದವರಲ್ಲಿ ಎಂಬತ್ತು ವಯಸ್ಸಿನೊಳಗೆ ಅದು ನೂರಕ್ಕೆ 44, ಬಿಆರ್‌ಸಿಎ2 ದೋಷವಿದ್ದವರಲ್ಲಿ 17. ನಮ್ಮ ದೇಶದಲ್ಲಿ ಅಂಡಾಶಯದ ಕ್ಯಾನ್ಸರ್ ರೋಗಿಗಳನ್ನು ಪರೀಕ್ಷಿಸಿದಾಗ ಐವರಲ್ಲಿ ಒಬ್ಬರಿಂದ ನಾಲ್ವರಲ್ಲಿ ಒಬ್ಬರವರೆಗೆ ಹುಟ್ಟಿನಿಂದಲೇ ಈ ದೋಷ ಕಂಡುಬಂದಿದೆ. ಇದು ಸಣ್ಣ ಪಾಲಲ್ಲ.

ಈ ಜೀನುಗಳ ಕೆಲಸ ಸೊಲ್ಲಾಪುರದ ಮಗ್ಗ ನೋಡಿದವರಿಗೆ ಬೇಗ ತಿಳಿಯುತ್ತದೆ. ಚಾದರ ನೇಯುವಾಗ ಹಾಸಿನ ಎಳೆ ಹರಿದರೆ ನೇಕಾರ ಕೈ ಹಾಕಿ ಗಂಟು ಕಟ್ಟುತ್ತಾನೆ. ನಮ್ಮ ಪ್ರತಿ ಕೋಶದೊಳಗೂ ಡಿಎನ್‌ಎ ಎಂಬ ಜೋಡಿ ಎಳೆ ಇದೆ. ಅದು ದಿನಕ್ಕೆ ಸಾವಿರಾರು ಸಲ ಅಲ್ಲಲ್ಲಿ ಹರಿಯುತ್ತಲೇ ಇರುತ್ತದೆ. ಒಂದೇ ಎಳೆ ಹರಿದಾಗ ಗಂಟು ಹಾಕುವುದರಲ್ಲಿ ಪಾರ್ಪ್ ಎಂಬ ಪ್ರೋಟೀನು ನೆರವಾಗುತ್ತದೆ. ಎರಡೂ ಎಳೆ ಒಟ್ಟಿಗೆ ಹರಿದರೆ ಬ್ರಾಕಾ ಬೇಕು. ಬ್ರಾಕಾ ಪೂರ್ತಿ ಕೆಟ್ಟ ಕೋಶ ತಪ್ಪು ತಪ್ಪಾಗಿ ಗಂಟು ಹಾಕಿಕೊಳ್ಳುತ್ತ ಕ್ಯಾನ್ಸರ್ ಆಗುತ್ತದೆ. ಆದರೆ ಅದೇ ಕ್ಯಾನ್ಸರ್ ಕೋಶ ಈಗ ಪಾರ್ಪ್ ಒಂದನ್ನೇ ನಂಬಿಕೊಂಡು ಬದುಕಿರುತ್ತದೆ. ಆ ಪಾರ್ಪ್‌ನ ಕೈಯನ್ನೂ ಕಟ್ಟಿಹಾಕಿದರೆ? 2005ರಲ್ಲಿ ಬ್ರಿಟನ್ನಿನ ಎರಡು ತಂಡಗಳು ಇದನ್ನೇ ಮಾಡಿ ತೋರಿಸಿದವು: ಬ್ರಾಕಾ ಇಲ್ಲದ ಕೋಶಗಳು ಸತ್ತವು, ಇದ್ದ ಕೋಶಗಳು ಉಳಿದವು. ರೋಗಿಯ ಮೈಯ ಉಳಿದ ಕೋಶಗಳಲ್ಲಿ ಬ್ರಾಕಾದ ಎರಡು ಪ್ರತಿಗಳಲ್ಲಿ ಒಂದಾದರೂ ಸರಿಯಿರುತ್ತದೆ, ಆದ್ದರಿಂದ ಅವು ತಡೆದುಕೊಳ್ಳುತ್ತವೆ. ಹೀಗೆ ಹುಟ್ಟಿದ್ದೇ ಒಲಾಪರಿಬ್ ಎಂಬ ಗುಳಿಗೆ. 2014ರ ಡಿಸೆಂಬರಿನಲ್ಲಿ ಅಮೆರಿಕ, ಯುರೋಪುಗಳಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ನಂತರ ನಿರಾಪರಿಬ್, ರುಕಾಪರಿಬ್ ಬಂದವು.

ಗುಣ ಎಷ್ಟು? ಸೋಲೋ-1 ಎಂಬ ಪ್ರಯೋಗದಲ್ಲಿ ಬ್ರಾಕಾ ದೋಷವಿದ್ದ, ಮುಂದುವರಿದ ಹಂತದ 391 ಹೆಂಗಸರಿದ್ದರು. ಶಸ್ತ್ರಚಿಕಿತ್ಸೆ, ಕೀಮೋ ಮುಗಿದು ರೋಗ ತಗ್ಗಿದ ಮೇಲೆ ಕೆಲವರಿಗೆ ಎರಡು ವರ್ಷ ಒಲಾಪರಿಬ್ ಕೊಟ್ಟರು, ಉಳಿದವರಿಗೆ ನೋಡಲು ಹಾಗೆಯೇ ಇರುವ ಬರೀ ಗುಳಿಗೆ. 2018ರಲ್ಲಿ ಬಂದ ಫಲಿತಾಂಶದಂತೆ, ರೋಗ ಮತ್ತೆ ಬೆಳೆಯುವ ಇಲ್ಲವೆ ಸಾಯುವ ಸಂಭವ ನೂರಕ್ಕೆ ಎಪ್ಪತ್ತರಷ್ಟು ಇಳಿದಿತ್ತು. ಏಳು ವರ್ಷದ ಹೊತ್ತಿಗೆ ಒಲಾಪರಿಬ್ ತೆಗೆದುಕೊಂಡವರಲ್ಲಿ ನೂರಕ್ಕೆ 67 ಮಂದಿ ಬದುಕಿದ್ದರು, ಇನ್ನೊಂದು ಗುಂಪಿನಲ್ಲಿ 46ರಷ್ಟು. ಈ ರೋಗವನ್ನು ಬಲ್ಲ ಯಾವ ವೈದ್ಯರಿಗಾದರೂ ಈ ಅಂಕಿ ಕಂಡು ಕಣ್ಣು ತುಂಬಿ ಬರುವಂಥದ್ದು.

ಆದರೆ ಬ್ರಾಕಾ ಸರಿಯಿದ್ದು, ಡಿಎನ್‌ಎ ಸರಿಪಡಿಸುವ ವ್ಯವಸ್ಥೆಯೂ ಗಟ್ಟಿಯಾಗಿರುವ ಗಡ್ಡೆಗೆ ಈ ಗುಳಿಗೆಯಿಂದ ಲಾಭ ಬಹಳ ಕಡಿಮೆ. ಆ ವ್ಯವಸ್ಥೆ ಕೆಟ್ಟಿದೆಯೇ ಎಂದು ಗಡ್ಡೆಯಲ್ಲೇ ನೋಡುವ ಎಚ್‌ಆರ್‌ಡಿ ಎಂಬ ಪರೀಕ್ಷೆ ಇದೆ. ಪರೀಕ್ಷೆ ಮಾಡದೆ ಗುಳಿಗೆ ಬರೆದರೆ ಹೊಲ ಮಾರಿ ತಂದ ದುಡ್ಡು ನೀರಿಗೆ ಹಾಕಿದ ಹಾಗೆಯೇ. ಈ ಗುಳಿಗೆಯಿಂದ ರಕ್ತ ಇಳಿಯುವುದು, ವಾಕರಿಕೆ, ಸುಸ್ತು ಬೇರೆ. ಅಪರೂಪಕ್ಕೆ ರಕ್ತದ ಕ್ಯಾನ್ಸರೂ ಬರಬಹುದು. ಹಲವು ಸಲ ಕೀಮೋ ಆಗಿ ರೋಗ ಮರಳಿದವರಿಗೆ ಕೊನೆಯಲ್ಲಿ ಬರೀ ಈ ಗುಳಿಗೆ ಕೊಡುವುದಕ್ಕಿದ್ದ ಒಪ್ಪಿಗೆಯನ್ನು 2022ರಲ್ಲಿ ಅಮೆರಿಕದಲ್ಲಿ ಹಿಂದಕ್ಕೆ ಪಡೆದರು. ಹಾಗೆ ಕೊಟ್ಟವರ ಆಯುಷ್ಯ ಕಡಿಮೆಯಾದೀತೆಂಬ ಆತಂಕ ಅಂಕಿಗಳಲ್ಲಿ ಕಂಡಿತ್ತು. ಗುಳಿಗೆ ಅದೇ, ಆದರೆ ಯಾರಿಗೆ ಮತ್ತು ಯಾವಾಗ ಎಂಬುದೇ ಎಲ್ಲ.

ಇಲ್ಲಿಯವರೆಗೆ ರೋಗಿಯ ಮಾತಾಯಿತು. ನಾನು ಇವತ್ತು ಮೈಕಿನ ಮುಂದೆ ಕೂತಿರುವುದು ಅವಳ ಮನೆಯವರಿಗಾಗಿ.

ಅವರ ವಿಷಯಕ್ಕೆ ಬರುವ ಮುಂಚೆ ತಪಾಸಣೆಯ ಒಂದು ಕಥೆ. ಬಾರ್ಶಿಯ ಹೆಸರು ನೀವೆಲ್ಲ ಕೇಳಿದ್ದೀರಿ. ನಮ್ಮ ಸೊಲ್ಲಾಪುರ ಜಿಲ್ಲೆಯದೇ ತಾಲೂಕು. 1987ರಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾದದ್ದು ಅಲ್ಲಿ. ಅಲ್ಲಿನ ನರ್ಗಿಸ್ ದತ್ತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ, ಪಕ್ಕದ ಉಸ್ಮಾನಾಬಾದ್ ಜಿಲ್ಲೆಯ, ಅಂದರೆ ಇಂದಿನ ಧಾರಾಶಿವದ, 1,31,746 ಹೆಂಗಸರನ್ನು ಸೇರಿಸಿಕೊಂಡು ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆಯ ಪ್ರಯೋಗ ನಡೆಸಿದವು. ಎಚ್‌ಪಿವಿ ವೈರಾಣುವಿನ ಪರೀಕ್ಷೆ ಒಂದೇ ಒಂದು ಸಲ ಮಾಡಿದ ಗುಂಪಿನಲ್ಲಿ ಆ ಕ್ಯಾನ್ಸರಿನ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು ಎಂದು 2009ರಲ್ಲಿ ಪ್ರಕಟವಾದಾಗ ಇಡೀ ಜಗತ್ತು ಇತ್ತ ತಿರುಗಿ ನೋಡಿತು. ನಮ್ಮ ಸೀಮೆಯ ಹಳ್ಳಿ ಹೆಣ್ಣುಮಕ್ಕಳು ಕೊಟ್ಟ ಪಾಠ ಅದು.

ಅಂಥದೇ ತಪಾಸಣೆ ಅಂಡಾಶಯಕ್ಕೂ ಇದ್ದಿದ್ದರೆ! ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು, ಸಿಎ-125 ಎಂಬ ರಕ್ತಪರೀಕ್ಷೆ ಮತ್ತು ಸೋನೋಗ್ರಫಿಯನ್ನು ವರ್ಷವರ್ಷವೂ ಮಾಡಿ ನೋಡಿದರು. 2021ರಲ್ಲಿ ಬಂದ ಅಂತಿಮ ಉತ್ತರ: ಸಾವು ಕಡಿಮೆಯಾಗಲಿಲ್ಲ. ಕಾರಣವೂ ಈಗ ಅರ್ಧ ತಿಳಿದಿದೆ. ಹೈ ಗ್ರೇಡ್ ಸೀರಸ್ ಬಹಳಷ್ಟು ಸಲ ಹುಟ್ಟುವುದು ಅಂಡಾಶಯದಲ್ಲಲ್ಲ, ಅದರ ಪಕ್ಕದ ಗರ್ಭನಾಳದ ಜಾಲರಿಯಂಥ ತುದಿಯಲ್ಲಿ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಿರುವಾಗಲೇ ಕೋಶಗಳು ಉದುರಿ ಹೊಟ್ಟೆಯೊಳಗೆ ಹರಡುತ್ತವೆ. ಹೀಗಾಗಿ ಊರಿಗೆಲ್ಲ ಶಿಬಿರ ಮಾಡಿ ಹಿಡಿಯುವ ದಾರಿ ಇದಕ್ಕೆ ಸದ್ಯಕ್ಕಿಲ್ಲ. ಯಾರಾದರೂ ಸಿಎ-125 ಪ್ಯಾಕೇಜು ಎಂದು ಆರೋಗ್ಯವಂತರಿಗೆಲ್ಲ ಮಾರಲು ಬಂದರೆ ಬೇಡ ಎನ್ನಿ.

ಉಳಿದ ದಾರಿ ಒಂದೇ: ಒಬ್ಬ ರೋಗಿಯಲ್ಲಿ ಹುಟ್ಟಿನಿಂದ ಬಂದ ಜೀನ್ ದೋಷ ಸಿಕ್ಕರೆ, ಅಲ್ಲಿಂದ ಅವಳ ಅಕ್ಕತಂಗಿಯರು, ಹೆಣ್ಣುಮಕ್ಕಳು, ಅಣ್ಣತಮ್ಮಂದಿರು, ಅವರ ಮಕ್ಕಳು, ಹೀಗೆ ಎಳೆ ಹಿಡಿದು ಹೋಗುವುದು. ಒಂದು ಮಗುವಿಗೆ ಆ ದೋಷ ಬರುವ ಸಂಭವ ಅರ್ಧಕ್ಕರ್ಧ. ಇದ್ದವರಿಗೆ, ಹೆರಿಗೆಗಳು ಮುಗಿದ ಮೇಲೆ, ಬಿಆರ್‌ಸಿಎ1 ಆದರೆ 35ರಿಂದ 40ರೊಳಗೆ, ಬಿಆರ್‌ಸಿಎ2 ಆದರೆ 40ರಿಂದ 45ರೊಳಗೆ, ಎರಡೂ ಅಂಡಾಶಯ ಮತ್ತು ಗರ್ಭನಾಳಗಳನ್ನು ತೆಗೆದರೆ ಈ ಕ್ಯಾನ್ಸರಿನ ಸಂಭವ ನೂರಕ್ಕೆ ಎಂಬತ್ತರ ಸುಮಾರು ತಗ್ಗುತ್ತದೆ. ಇಲ್ಲದವರು ಆ ಭಯವನ್ನು ಅಲ್ಲಿಗೇ ಬಿಟ್ಟು ನೆಮ್ಮದಿಯಿಂದ ಮಲಗಬಹುದು.

ಇದಕ್ಕೆ ಬೇಕಾದದ್ದು ಸರಿಯಾದ ವಂಶಾವಳಿ. ನಮ್ಮ ಮಂದಿ ಎಡವುವುದು ಅಲ್ಲೇ. ನಾವು ಕೇಳುವ ಪ್ರಶ್ನೆಗೆ ಬರುವ ಉತ್ತರ ಹೀಗಿರುತ್ತದೆ.

“ಮನ್ಯಾಗ ಯಾರಿಗಾದ್ರೂ ಇಂಥಾ ಗಡ್ಡಿ ಆಗಿತ್ತೇನವ್ವಾ?”

“ಇಲ್ರಿ ಡಾಕ್ಟರಬಾಯಿ. ನಮ್ಮ ಮನ್ಯಾಗ ಯಾರಿಗೂ ಇಲ್ರಿ.”

“ಅವ್ವನ ಕಡೆ? ಮೌಶಿ, ಆಯಿ?”

“ಎಲ್ಲಾರೂ ಗಟ್ಟಿ ಅದಾರ್ರಿ.”

“ಅಪ್ಪನ ಅಕ್ಕ-ತಂಗ್ಯಾರು?”

ಇಲ್ಲಿ ಸ್ವಲ್ಪ ಹೊತ್ತು ಮಾತು ನಿಲ್ಲುತ್ತದೆ. “ಒಬ್ಬಾಕಿ ಅತ್ತಿ ಇದ್ಲರಿ. ಎದ್ಯಾಗ ಗಂಟಾಗಿ ಸಣ್ಣ ವಯಸ್ನಾಗ ಹ್ವಾದ್ಲು. ಆದ್ರ ಅಕಿನ್ನ ಇಂಡಿ ಕಡೆ ಕೊಟ್ಟಿತ್ತಲ್ರಿ, ಅಕಿ ಬ್ಯಾರೆ ಮನಿಯಾಕಿ ಆದ್ಲಲ್ಲ.”

ಕೊಟ್ಟ ಹೆಣ್ಣು ಬೇರೆ ಮನೆಯವಳಾದಳು, ಹೆಸರು ಬೇರೆ, ಮನೆದೇವರು ಬೇರೆ, ನಿಜ. ಜೀನು ಮಾತ್ರ ತವರಿನದೇ. ಅವಳೂ ನಿಮ್ಮ ತಂದೆಯೂ ಒಂದೇ ತಂದೆತಾಯಿಯ ಮಕ್ಕಳು. ನಿಮ್ಮ ತಂದೆ ಗಂಡಸಾದ್ದರಿಂದ ಅವರಿಗೆ ಅಂಡಾಶಯದ ರೋಗ ಬರಲಿಲ್ಲ, ಆದರೆ ದೋಷವನ್ನು ನಿಮಗೆ ದಾಟಿಸುವುದರಲ್ಲಿ ಅವರ ಪಾಲು ತಾಯಿಯಷ್ಟೇ. ಸ್ತನದ ಕ್ಯಾನ್ಸರ್ ಬೇರೆ, ಅಂಡಾಶಯದ್ದು ಬೇರೆ ಎಂದು ನೀವು ಎಣಿಸುತ್ತೀರಿ. ಬ್ರಾಕಾ ಎರಡನ್ನೂ ತರುತ್ತದೆ. ಗಂಡಸರಲ್ಲಿ ಅದೇ ದೋಷ, ಅದರಲ್ಲೂ ಬಿಆರ್‌ಸಿಎ2, ಪ್ರಾಸ್ಟೇಟ್ ಗ್ರಂಥಿಯ ಮತ್ತು ಅಪರೂಪಕ್ಕೆ ಎದೆಯ ಕ್ಯಾನ್ಸರ್ ತರಬಹುದು. ಆದ್ದರಿಂದ ವಂಶಾವಳಿ ಹೇಳುವಾಗ ಇಂಡಿಗೆ, ಅಫಜಲಪುರಕ್ಕೆ, ಆಳಂದಕ್ಕೆ, ತುಳಜಾಪುರಕ್ಕೆ ಕೊಟ್ಟ ಹೆಣ್ಣುಮಕ್ಕಳನ್ನೂ ಎಣಿಸಿ. ದೂರದಲ್ಲಿ ತೀರಿಕೊಂಡ ಕಾಕಾನ ಮಗಳನ್ನೂ ಹೇಳಿ. ಯಾರಿಗೆ, ಎಲ್ಲಿ, ಎಷ್ಟನೆಯ ವಯಸ್ಸಿಗೆ ಎಂಬ ಮೂರು ಸಂಗತಿ ಸಾಕು. ಮನೆಯ ಹಿರಿಯ ಹೆಂಗಸರಿಗೆ ಇದೆಲ್ಲ ಬಾಯಿಪಾಠ. ಅವರನ್ನೇ ಜೊತೆಗೆ ಕರೆತನ್ನಿ.

ವಂಶದಲ್ಲಿ ಯಾರಿಗೂ ಇಲ್ಲದಿದ್ದರೂ ಪರೀಕ್ಷೆ ಬೇಡವೆನ್ನಬಾರದು. ದೋಷ ಗಂಡಸರ ಮೂಲಕವೇ ಎರಡು ತಲೆಮಾರು ಸದ್ದಿಲ್ಲದೆ ಬಂದಿರಬಹುದು. ಹೈ ಗ್ರೇಡ್ ಸೀರಸ್ ಆದ ಪ್ರತಿಯೊಬ್ಬ ಹೆಂಗಸಿಗೂ ಬ್ರಾಕಾ ಪರೀಕ್ಷೆ ಆಗಬೇಕೆಂಬುದು ಈಗ ಎಲ್ಲೆಡೆ ಒಪ್ಪಿದ ಮಾತು.

ನಮ್ಮ ಭಾಗಕ್ಕೆ ವಿಶೇಷವಾಗಿ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ಹಾಗಾದಾಗ ಒಂದೇ ಬ್ರಾಕಾ ದೋಷ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಬಿಆರ್‌ಸಿಎ2 ದೋಷ ಇಬ್ಬರಿಂದಲೂ ಮಗುವಿಗೆ ಬಂದರೆ ಫ್ಯಾಂಕೋನಿ ಅನೀಮಿಯಾ ಎಂಬ ಘೋರ ಕಾಯಿಲೆಯಾಗಿ, ಎಳೆಯ ವಯಸ್ಸಿನಲ್ಲೇ ರಕ್ತ ಕುಗ್ಗುತ್ತದೆ, ಕ್ಯಾನ್ಸರ್ ಬರುತ್ತದೆ. ಇದು ಅಪರೂಪ. ಆದರೂ ದೋಷ ಗೊತ್ತಾದ ಮನೆತನದಲ್ಲಿ ಒಳಗೊಳಗೇ ಸಂಬಂಧ ಬೆಳೆಸುವ ಮುಂಚೆ ಜೆನೆಟಿಕ್ ಸಲಹೆಗಾರರ ಹತ್ತಿರ ಒಂದು ಮಾತು ಕೇಳಿ.

“ಈ ಕಾಗದ ಹೊರಗ ಬಿದ್ರ ಹುಡುಗಿ ಮದುವಿ ಹ್ಯಾಂಗ್ರಿ?” ಎಂದು ತಾಯಂದಿರು ದನಿ ತಗ್ಗಿಸಿ ಕೇಳುತ್ತಾರೆ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹದಿನೆಂಟರೊಳಗಿನ ಮಕ್ಕಳಿಗೆ ಈ ಪರೀಕ್ಷೆ ಮಾಡುವುದಿಲ್ಲ. ಬೆಳೆದವರಿಗೂ ಅವರೇ ಒಪ್ಪಿದರೆ ಮಾತ್ರ. ವರದಿ ಅವರ ಸ್ವಂತದ್ದು, ಯಾರಿಗೆ ತೋರಿಸಬೇಕೆಂಬುದು ಅವರ ಇಚ್ಛೆ. ದೋಷವಿದ್ದ ಮಾತ್ರಕ್ಕೆ ಅವಳು ರೋಗಿಯಲ್ಲ. ಎಷ್ಟೋ ಮಂದಿಗೆ ಜೀವಮಾನ ಪೂರ್ತಿ ಏನೂ ಆಗುವುದಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. 2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಣ್ಣುಮಕ್ಕಳ ಸುದ್ದಿ ದೇಶದ ತುಂಬ ಆಯಿತು. ಇಪ್ಪತ್ತು ಮೂವತ್ತರ ಹರೆಯದಲ್ಲೇ ಎಷ್ಟೋ ಮಂದಿಯ ಗರ್ಭಚೀಲ ತೆಗೆಯಲಾಗಿತ್ತು. “ಬಿಟ್ರ ಕ್ಯಾನ್ಸರ್ ಆಗ್ತದ” ಎಂಬ ಹೆದರಿಕೆ ಅದರ ಹಿಂದಿದ್ದ ಒಂದು ಕಾರಣ. ಜೀನ್ ಪರೀಕ್ಷೆ ಇಂಥ ಹೆದರಿಕೆಯ ಹೊಸ ವ್ಯಾಪಾರವಾಗಬಾರದು. ಬಿಳಿ ಹೋಗುವುದು, ಮುಟ್ಟಿನ ಏರುಪೇರು, ಸೊಂಟ ನೋವು, ಇವುಗಳಿಗೆ ಅಂಡಾಶಯ ತೆಗೆಯುವ ಕಾರಣವಿಲ್ಲ. ಹರೆಯದಲ್ಲಿ ಅಂಡಾಶಯ ತೆಗೆದರೆ ಎಲುಬು ಸವೆಯುತ್ತದೆ, ಹೃದಯಕ್ಕೂ ಕೇಡು. ನಾನು ಹೇಳಿದ ಶಸ್ತ್ರಚಿಕಿತ್ಸೆ ಬ್ರಾಕಾದಂಥ ದೋಷ ಖಚಿತವಾದವರಿಗೆ, ಹೇಳಿದ ವಯಸ್ಸಿಗೆ, ತಿಳಿಹೇಳಿದ ಮೇಲೆ. ಅದೇ ರೀತಿ ಗರ್ಭಚೀಲ ತೆಗೆಸಿಕೊಂಡವರು “ನನಗಿನ್ನು ಇದು ಬರೂದಿಲ್ಲ” ಎಂದು ನಿಶ್ಚಿಂತರಾಗಬಾರದು. ಬಹಳ ಸಲ ಅಂಡಾಶಯಗಳನ್ನು ಒಳಗೇ ಬಿಟ್ಟಿರುತ್ತಾರೆ. ನಿಮ್ಮ ಡಿಸ್ಚಾರ್ಜ್ ಕಾಗದದಲ್ಲಿ ಏನು ಬರೆದಿದೆ ಎಂದು ತಿಳಿದವರಿಂದ ಓದಿಸಿಕೊಳ್ಳಿ.

ವರದಿಯಲ್ಲಿ ಮೂರು ಬಗೆಯ ಉತ್ತರ ಬರುತ್ತದೆ. ಒಂದು, ದೋಷ ಇದೆ. ಎರಡು, ದೋಷ ಇಲ್ಲ. ಮೂರು, ಬದಲಾವಣೆ ಇದೆ, ಆದರೆ ಅದು ಕೆಡುಕಿನದೋ ಅಲ್ಲವೋ ಹೇಳಲಾಗದು. ಈ ಮೂರನೆಯದು ನಮ್ಮವರಿಗೆ ಹೆಚ್ಚಾಗಿ ಬರುತ್ತದೆ. ಜಗತ್ತಿನ ಜೀನ್ ಕೋಶಾಗಾರಗಳು ಯುರೋಪ್ ಮೂಲದವರ ಮಾಹಿತಿಯಿಂದ ತುಂಬಿವೆ. ಲಿಂಗಾಯತರ, ಕುರುಬರ, ಪದ್ಮಶಾಲಿಗಳ, ಮುಸಲ್ಮಾನರ, ಮಾದಿಗರ ಮನೆಗಳ ಮಾಹಿತಿ ಅಲ್ಲಿ ಸಾಕಷ್ಟಿಲ್ಲ. ಹೊಂದಿಸಿ ನೋಡಲು ಏನೂ ಇಲ್ಲದಾಗ ಲ್ಯಾಬಿನವರು ಹಾಗೆ ಬರೆಯಲೇಬೇಕಾಗುತ್ತದೆ. ಅಂಥ ವರದಿ ನೋಡಿ ಯಾವ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಳ್ಳಬಾರದು. ವರ್ಷ ಎರಡು ವರ್ಷಕ್ಕೊಮ್ಮೆ ಅದೇ ಲ್ಯಾಬಿಗೆ ಕೇಳಿ, ಅರ್ಥ ಬದಲಾಗಿರಬಹುದು. ನಮ್ಮ ಹಳ್ಳಿಗಳ ಹೆಚ್ಚು ಮಂದಿ ಪರೀಕ್ಷೆಗೆ ಒಳಪಟ್ಟಷ್ಟೂ ಮುಂದಿನವರ ವರದಿ ಸ್ಪಷ್ಟವಾಗುತ್ತದೆ. ಯಹೂದಿಗಳಲ್ಲಿ ಹೆಸರಾದ 185ಡೆಲ್‌ಎಜಿ ಎಂಬ ಬಿಆರ್‌ಸಿಎ1 ದೋಷ ದಕ್ಷಿಣ ಭಾರತದ ಕುಟುಂಬಗಳಲ್ಲೂ ಇದೆ ಎಂದು ತಿಳಿದದ್ದು ಇಲ್ಲಿಯವರನ್ನು ಪರೀಕ್ಷಿಸಿದ್ದರಿಂದಲೇ.

ಖರ್ಚಿನ ಮಾತು. ಬ್ರಾಕಾ ಜೀನಿನ ಮೇಲೆ ಒಂದು ಅಮೆರಿಕನ್ ಕಂಪನಿಗೆ ಪೇಟೆಂಟ್ ಇತ್ತು. ಪ್ರಕೃತಿಯಲ್ಲಿರುವ ಜೀನು ಯಾರ ಸ್ವತ್ತೂ ಆಗಲಾರದು ಎಂದು 2013ರ ಜೂನಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ಅಲ್ಲಿ ಬೇರೆ ಲ್ಯಾಬುಗಳೂ ಮುಂದೆ ಬಂದವು, ಬೆಲೆ ಇಳಿಯಿತು. ಈಗ ನಮ್ಮ ದೇಶದಲ್ಲೇ, ಮುಂಬಯಿ, ಬೆಂಗಳೂರು, ಹೈದರಾಬಾದುಗಳಲ್ಲಿ ಪರೀಕ್ಷೆ ಆಗುತ್ತದೆ. ಇಲ್ಲಿಂದ ರಕ್ತ ಇಲ್ಲವೆ ಜೊಲ್ಲು ಕಳಿಸಿದರೆ ಸಾಕು, ರೋಗಿ ಹೋಗಬೇಕಿಲ್ಲ. ಮನೆಯಲ್ಲಿ ಒಬ್ಬರ ದೋಷ ಯಾವ ಜಾಗದಲ್ಲಿದೆ ಎಂದು ಗೊತ್ತಾದ ಮೇಲೆ ಉಳಿದವರಿಗೆ ಆ ಒಂದೇ ಜಾಗ ನೋಡಿದರಾಯಿತು, ಅದು ಬಹಳ ಅಗ್ಗ. ಯಾವುದಕ್ಕೆ ಸರಕಾರಿ ಯೋಜನೆಯ ನೆರವಿದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ರೇಶನ್ ಕಾರ್ಡು, ಆಧಾರ್ ಎರಡೂ ಕೈಯಲ್ಲಿರಲಿ. ಗಡಿಯಾಚೆ ಕರ್ನಾಟಕದ ಕಾರ್ಡು ಇದ್ದವರಿಗೆ ಇಲ್ಲಿಯ ನಿಯಮ ಬೇರೆ, ಅದನ್ನು ದಾಖಲಾಗುವ ಮುಂಚೆಯೇ ವಿಚಾರಿಸಿ.

ಇನ್ನು ನನ್ನ ಇಲಾಖೆಯ ಒಂದು ಬೇಡಿಕೆ. ಶಸ್ತ್ರಚಿಕಿತ್ಸೆ ಆದ ಕಡೆ ನಿಮ್ಮ ಗಡ್ಡೆಯ ಮೇಣದ ಬ್ಲಾಕ್ ಇರುತ್ತದೆ. ಅದನ್ನು ಕೇಳಿ ಪಡೆಯಿರಿ. ಮುಂದೆ ಸೊಲ್ಲಾಪುರಕ್ಕೋ ಮುಂಬಯಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋದಾಗ ಜೀನ್ ಪರೀಕ್ಷೆಗೆ ಅದೇ ಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ವರದಿಯ ಜೊತೆ ತಣ್ಣಗಿನ ಕಡೆ ಇಡಿ; ನಮ್ಮ ಬೇಸಿಗೆಯಲ್ಲಿ ಪತ್ರಾಸಿನ ಮನೆಯ ಮಾಡಿನಡಿ ಇಟ್ಟರೆ ಮೇಣ ಕರಗೀತು. ರೋಗಿ ತೀರಿಕೊಂಡಿದ್ದರೂ ಬ್ಲಾಕ್ ಎಸೆಯಬೇಡಿ. ಅವಳ ರಕ್ತ ಸಿಗದಿದ್ದಾಗ, ಅವಳ ಮಗಳಿಗೆ ಯಾವ ದೋಷ ಹುಡುಕಬೇಕು ಎಂಬುದರ ಸುಳಿವು ಎಷ್ಟೋ ವರ್ಷಗಳ ನಂತರವೂ ಆ ಮೇಣದ ತುಂಡಿನಿಂದ ಸಿಗಬಹುದು.